ಗಾಳಿಯ ಮೇಲೆ ಕೂತ ಊರು

ಪೆರು ದೇಶದಿಂದ ಬಂದು ಚೀಲ ಬಿಚ್ಚಿದಾಗ ಬಟ್ಟೆಗಳ ನಡುವಿನಿಂದ ಮೊದಲು ಉರುಳಿದ್ದು ಒಂದು ಖಾಲಿ ನೀರಿನ ಬಾಟಲಿ. ಮುಚ್ಚಳ ಬಿಗಿಯಾಗಿಯೇ ಇತ್ತು, ಹೊಟ್ಟೆ ಮಾತ್ರ ಒಳಕ್ಕೆ ಸೇದಿಕೊಂಡಿತ್ತು. ಏನು ತಂದಿದ್ದಾಳೆ ಎಂದು ಕಾದು ಕೂತಿದ್ದ ಅಣ್ಣನ ಮಗಳು ಅದನ್ನೇ ಎತ್ತಿ ಹಿಡಿದಳು.

"ಅತ್ತೆ, ಇದನ್ನ ಯಾರು ತುಳಿದದ್ದು?"

"ಯಾರೂ ತುಳಿದಿಲ್ಲ. ನಮ್ಮೂರಿನ ಗಾಳಿ ಹಿಂಡಿದೆ."

ಅವಳು ನಂಬಲಿಲ್ಲ. ನೀವೂ ನಂಬಬೇಡಿ. ಮೊದಲು ಕಥೆ ಕೇಳಿ.

ಆ ಬಾಟಲಿಯ ನೀರು ಕುಡಿದು ಮುಚ್ಚಳ ತಿರುಗಿಸಿದ್ದು ಟಿಟಿಕಾಕಾ ಸರೋವರದ ಮೇಲೆ. ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಸಾಲಿನಲ್ಲಿ, ಪೆರು ಮತ್ತು ಬೊಲಿವಿಯ ದೇಶಗಳು ಹಂಚಿಕೊಂಡಿರುವ ನೀರು ಅದು. ಸುಮಾರು 8,300 ಚದರ ಕಿಲೋಮೀಟರ್ ಹರಡಿಕೊಂಡಿದೆ. ನಮ್ಮ ಇಡೀ ಶಿವಮೊಗ್ಗ ಜಿಲ್ಲೆಯೇ ನೀರಾದರೆ ಎಷ್ಟೋ ಹೆಚ್ಚು ಕಡಿಮೆ ಅಷ್ಟು. ಅತಿ ಆಳದ ಕಡೆ 281 ಮೀಟರ್. ದಡದಲ್ಲಿ ನಿಂತರೆ ಆಚೆ ದಡ ಕಾಣುವುದಿಲ್ಲ, ಸಮುದ್ರವೇ ಅನ್ನಬೇಕು. ಆದರೆ ಈ ನೀರು ಇರುವುದು ಸಮುದ್ರಮಟ್ಟದಿಂದ 3,812 ಮೀಟರ್ ಮೇಲೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯ ತಲೆಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿ ಇಟ್ಟರೆ ಆಗುವಷ್ಟು ಎತ್ತರ.

ಅಷ್ಟು ಮೇಲೆ ಹೋದರೆ ಗಾಳಿಗೆ ಏನಾಗುತ್ತದೆ? ಅಜ್ಜಿಮನೆಯಲ್ಲಿ ಹತ್ತಿಯ ಹಾಸಿಗೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿರುತ್ತಾರಲ್ಲ, ಅದನ್ನು ನೆನೆಸಿಕೊಳ್ಳಿ. ಎಲ್ಲಕ್ಕಿಂತ ಕೆಳಗಿನದು ಅಮುಕಿ ಗಟ್ಟಿಯಾಗಿರುತ್ತದೆ, ಮೇಲಿನದು ಮೆತ್ತಗೆ ಉಬ್ಬಿಕೊಂಡಿರುತ್ತದೆ. ಗಾಳಿಯೂ ಹಾಗೆಯೇ. ಸಮುದ್ರದ ದಡದಲ್ಲಿರುವವರು ಕೆಳಗಿನ ಹಾಸಿಗೆಯ ಜನ. ಟಿಟಿಕಾಕಾದವರು ಮೇಲಿನ ಹಾಸಿಗೆಯವರು. ಅಲ್ಲಿನ ಗಾಳಿಯಲ್ಲೂ ಆಮ್ಲಜನಕ ನೂರಕ್ಕೆ 21 ಪಾಲೇ, ಆ ಲೆಕ್ಕ ಬದಲಾಗುವುದಿಲ್ಲ. ಗಾಳಿಯೇ ವಿರಳ. ಸಮುದ್ರದ ಪಕ್ಕ ಒಂದು ಉಸಿರಿಗೆ 100 ಕಣ ಆಮ್ಲಜನಕ ಸಿಕ್ಕಿದರೆ, ಅಲ್ಲಿ ಅದೇ ಉಸಿರಿಗೆ ಸುಮಾರು 64.

ಇದು ನನಗೆ ಓದಿ ಗೊತ್ತಿತ್ತು. ಸರೋವರದ ದಡದ ಪುನೋ ಪಟ್ಟಣದಲ್ಲಿ ಇಳಿದ ದಿನ ನನ್ನ ಮೊಣಕಾಲಿಗೂ ಗೊತ್ತಾಯಿತು. ಬಗ್ಗಿ ಬೂಟಿನ ದಾರ ಕಟ್ಟಿ ಎದ್ದರೆ, ಬಾವಿಯಿಂದ ಹತ್ತು ಕೊಡ ನೀರು ಸೇದಿದ ಹಾಗೆ ಏದುಸಿರು. ತಲೆ ಧಿಂ ಅನ್ನುತ್ತಿತ್ತು. ಇದಕ್ಕೆ ಅಲ್ಲಿ 'ಸೊರೊಚೆ' ಎಂಬ ಹೆಸರೇ ಇದೆ. ನಾನು ಇಳಿದುಕೊಂಡಿದ್ದ ಮನೆಯ ಅಜ್ಜಿ ಮುಖ ನೋಡಿಯೇ ತಿಳಿದುಕೊಂಡು, ಪುದೀನದ ಹಾಗೆ ಘಮಘಮಿಸುವ 'ಮುನ್ಯಾ' ಎಂಬ ಸೊಪ್ಪಿನ ಕಷಾಯ ಮಾಡಿಕೊಟ್ಟರು. ನೀರು ಕೊತಕೊತ ಕುದಿಯುತ್ತಿದ್ದದ್ದನ್ನು ನಾನೇ ನೋಡಿದ್ದೆ. ಲೋಟಕ್ಕೆ ಬಂದಾಗ ಮಾತ್ರ ಅಂಥ ಬಿಸಿಯಿಲ್ಲ!

ಇದೂ ಗಾಳಿಯದೇ ಕಿತಾಪತಿ. ಪಾತ್ರೆಯ ನೀರಿನ ಮೇಲೆ ಗಾಳಿ ಒತ್ತಿಕೊಂಡು ಕೂತಿರುತ್ತದೆ. ಆ ಒತ್ತಡವನ್ನು ನೂಕಿ ಗುಳ್ಳೆ ಏಳುವಷ್ಟು ಬಿಸಿಯಾದಾಗ ನೀರು ಕುದಿಯುತ್ತದೆ. ಸಮುದ್ರದ ಪಕ್ಕ ಅದಕ್ಕೆ 100 ಡಿಗ್ರಿ ಬೇಕು. ನಮ್ಮೂರು ಸಾಗರ ಹೆಸರಿಗಷ್ಟೇ ಸಾಗರ, ಸುಮಾರು ಆರುನೂರು ಮೀಟರ್ ಎತ್ತರದಲ್ಲಿದೆ, ಹಾಗಾಗಿ ಇಲ್ಲಿ 98ಕ್ಕೇ ಕುದಿಯುತ್ತದೆ. ಪುನೋದಲ್ಲಿ 87–88ಕ್ಕೇ ಕುದಿ ಬಂದುಬಿಡುತ್ತದೆ, ಆಮೇಲೆ ಎಷ್ಟು ಬೆಂಕಿ ಉರಿಸಿದರೂ ತೆರೆದ ಪಾತ್ರೆಯ ನೀರು ಅದಕ್ಕಿಂತ ಬಿಸಿಯಾಗುವುದಿಲ್ಲ. ಬೇಳೆಕಾಳು ಬೇಯಿಸಲು ಕೂತವರ ಪಾಡು ಕೇಳಬೇಡಿ. ಕುಕ್ಕರಿನ ಬೆಲೆ ಗೊತ್ತಾಗಬೇಕಾದರೆ ಆಂಡೀಸಿಗೆ ಹೋಗಬೇಕು.

ಮರುದಿನ ಬೆಳಿಗ್ಗೆ ದೋಣಿ ಹತ್ತಿದೆ. ಸ್ವಲ್ಪ ದೂರದಲ್ಲೇ ಎರಡೂ ಕಡೆ ಜೊಂಡು ಶುರುವಾಯಿತು. ನಮ್ಮ ಕೆರೆಯಂಚಿನ ಜೊಂಡಿನ ದಾಯಾದಿಯಂತೆ ಕಾಣುವ, ಆಳೆತ್ತರಕ್ಕೂ ಮೀರಿ ಬೆಳೆಯುವ ಅದರ ಹೆಸರು ತೊತೊರಾ. ಜೊಂಡಿನ ಓಣಿ ಮುಗಿದದ್ದೇ ತಡ, ಎದುರಿಗೆ ಚಿನ್ನದ ಬಣ್ಣದ ದ್ವೀಪಗಳು. ಒಂದೆರಡಲ್ಲ, ಹತ್ತಾರು. ಒಂದೊಂದರ ಮೇಲೂ ಐದಾರು ಗುಡಿಸಲು, ಒಂದು ದೋಣಿ, ಒಣಗಲು ಹಾಕಿದ ಬಟ್ಟೆ. ಇವು ಉರೋಸ್ ಜನರ ದ್ವೀಪಗಳು. ಮಣ್ಣಿಲ್ಲ, ಬಂಡೆಯಿಲ್ಲ. ನೆಲ, ಗೋಡೆ, ಮಾಡು ಎಲ್ಲವೂ ತೊತೊರಾ.

ಕಾಲಿಟ್ಟೆ. ನೆಲ ಮೆಲ್ಲಗೆ ಕುಸಿದು ಮತ್ತೆ ಎದ್ದಿತು. ಹುಲ್ಲಿನ ಬಣವೆಯ ಮೇಲೆ ಹತ್ತಿ ಬೈಸಿಕೊಂಡಿದ್ದೀರಲ್ಲ, ಥೇಟ್ ಅದೇ. ಬಣ್ಣಬಣ್ಣದ ಲಂಗ ತೊಟ್ಟ ಒಬ್ಬ ಅಮ್ಮ "ಕಮಿಸರಾಕಿ" ಅಂದರು. ಅಲ್ಲಿನ ಐಮಾರ ಭಾಷೆಯಲ್ಲಿ ಹೇಗಿದ್ದೀರಿ ಎಂದು. "ವಲಿಕಿ", ಚೆನ್ನಾಗಿದ್ದೇನೆ ಅನ್ನಬೇಕು. ಏದುಸಿರು ಬಿಡುತ್ತಲೇ ಅಂದೆ. ಉರೋಸರಿಗೆ ಹಿಂದೆ ಉರು ಎಂಬ ತಮ್ಮದೇ ನುಡಿ ಇತ್ತು. ನೆರೆಯವರೊಡನೆ ಬಾಳಿ ಬೆರೆತು ಈಗ ಐಮಾರವೇ ಮನೆಮಾತು.

ದ್ವೀಪ ಮಾಡುವುದನ್ನು ಅವರು ಬೊಂಬೆಯಾಟದ ಹಾಗೆ ಪುಟ್ಟ ಪುಟ್ಟ ತುಂಡು ಇಟ್ಟು ತೋರಿಸಿದರು. ಮಳೆಗಾಲದಲ್ಲಿ ಸರೋವರದ ನೀರು ಏರಿದಾಗ, ತೊತೊರಾದ ಬೇರುಗಳು ಒಂದಕ್ಕೊಂದು ಹೆಣೆದುಕೊಂಡ ದಪ್ಪ ಚಾಪೆಯಂಥ ಗಡ್ಡೆ ತಳದಿಂದ ಕಿತ್ತುಕೊಂಡು ಮೇಲೆ ತೇಲಿ ಬರುತ್ತದೆ. ಅದಕ್ಕೆ 'ಖಿಲಿ' ಅನ್ನುತ್ತಾರೆ. ಒಂದು ಮೀಟರಿಗೂ ದಪ್ಪ. ಉದ್ದನೆಯ ಗರಗಸದಿಂದ ಅದನ್ನು ಜಂಬಿಟ್ಟಿಗೆ ಕಲ್ಲಿನ ಹಾಗೆ ಚೌಕವಾಗಿ ಕೊಯ್ದು, ಪ್ರತಿ ತುಂಡಿಗೂ ನೀಲಗಿರಿ ಮರದ ಗೂಟ ಹೊಡೆದು, ಗೂಟದಿಂದ ಗೂಟಕ್ಕೆ ಹಗ್ಗ ಬಿಗಿಯುತ್ತಾರೆ. ಸ್ವಲ್ಪ ಕಾಲದಲ್ಲಿ ಬೇರುಗಳೇ ಬೆಳೆದು ತುಂಡುಗಳನ್ನು ಬೆಸೆಯುತ್ತವೆ. ಮೇಲೆ ಕೊಯ್ದ ತೊತೊರಾವನ್ನು ಒಂದು ಸಲ ಅಡ್ಡ, ಒಂದು ಸಲ ಉದ್ದ ಹಾಸುತ್ತಾರೆ. ಆಮೇಲೆ ಲಂಗರು. ಅದಿಲ್ಲದಿದ್ದರೆ ರಾತ್ರಿ ಪೆರುವಿನಲ್ಲಿ ಮಲಗಿದವರು ಬೆಳಿಗ್ಗೆ ಬೊಲಿವಿಯದಲ್ಲಿ ಏಳಬೇಕಾದೀತು ಎಂದು ಅವರದೇ ತಮಾಷೆ. ಅಕ್ಕಪಕ್ಕದ ಮನೆಯವರಿಗೆ ಹೊಂದಾಣಿಕೆಯಾಗದಿದ್ದರೆ ಅದೇ ಗರಗಸ ತಂದು ದ್ವೀಪವನ್ನೇ ಕೊಯ್ದು ಬೇರೆಯಾಗುವುದೂ ಉಂಟಂತೆ!

ಒಲೆ ಹೇಗೆ ಹಚ್ಚುತ್ತಾರೆ? ಕಲ್ಲು ಹಾಸಿ, ಅದರ ಮೇಲೆ ಮಣ್ಣಿನ ಒಲೆ. ದೀಪಕ್ಕೆ ಸೌರ ಫಲಕ.

ಇಷ್ಟೆಲ್ಲ ಭಾರ ಹೊತ್ತು ಅದು ತೇಲುವುದು ಹೇಗೆ? ಅಣ್ಣನ ಮಗಳೂ ಇಲ್ಲೇ ನನ್ನನ್ನು ನಿಲ್ಲಿಸಿದಳು. ಹಿತ್ತಲಿಗೆ ಕರೆದುಕೊಂಡು ಹೋಗಿ ಒಂದು ಬಾಳೆ ಎಲೆಯ ದಂಟು ಕೊಯ್ದೆ. ಅಡ್ಡ ಕೊಯ್ದ ಕಡೆ ನೋಡಿದರೆ ಜೇನುಗೂಡಿನ ಹಾಗೆ ಸಾಲು ಸಾಲು ಕೋಣೆ. ಅದನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ ಹಿಂಡು ಅಂದೆ. ಬುಳು ಬುಳು ಗುಳ್ಳೆ ಬಂತು. "ಗಾಳಿ!" ಅಂದಳು. ಬಾಳೆದಿಂಡಿನ ತೆಪ್ಪ ಮುಳುಗದಿರುವುದಕ್ಕೆ ಕಾರಣವೇ ಅದು. ತೊತೊರಾದ ಒಳಗೂ ಇಂಥದೇ ಸ್ಪಂಜು. ಬೇರು ಕೆಸರಿನಲ್ಲಿ ಹುಗಿದಿರುವುದರಿಂದ ಅಲ್ಲಿ ಅದಕ್ಕೆ ಉಸಿರು ಸಿಗುವುದಿಲ್ಲ, ಹಾಗಾಗಿ ಗಿಡ ಮೇಲಿನಿಂದ ಬೇರಿಗೆ ಗಾಳಿ ಇಳಿಸಲು ಒಳಗೇ ಕೊಳವೆ ಕಟ್ಟಿಕೊಂಡಿದೆ. ಜೊತೆಗೆ ಖಿಲಿಯೊಳಗೆ ಹಳೆಯ ಬೇರು ಕೊಳೆತು ಹುಟ್ಟುವ ಅನಿಲವೂ ಸಿಕ್ಕಿಕೊಂಡು ಗಡ್ಡೆಯನ್ನು ಎತ್ತಿ ಹಿಡಿಯುತ್ತದೆ. ಒಟ್ಟಿನಲ್ಲಿ ಉರೋಸರು ಕೂತಿರುವುದು ಹುಲ್ಲಿನ ಮೇಲಲ್ಲ, ಹುಲ್ಲಿನೊಳಗಿನ ಗಾಳಿಯ ಮೇಲೆ. ಉಸಿರಾಡಲು ಗಾಳಿ ಸಾಲದ ಊರಿನಲ್ಲಿ ಮನೆ ನಿಲ್ಲಿಸಲು ಗಾಳಿ!

ಕೊಳೆಯುವುದೇ ತಲೆನೋವೂ ಹೌದು. ನೀರು ತಾಗಿದ ಜೊಂಡು ಕೆಳಗಿನಿಂದ ಕೊಳೆಯುತ್ತಲೇ ಇರುತ್ತದೆ, ಎರಡು ಮೂರು ವಾರಕ್ಕೊಮ್ಮೆ ಮೇಲೆ ಹೊಸದು ಹಾಸುತ್ತಲೇ ಇರಬೇಕು. ನಾವು ಮನೆಗೆ ಬಣ್ಣ ಬಳಿಯಲು ವರ್ಷಗಟ್ಟಲೆ ಮುಂದೂಡಿದ ಹಾಗೆ ಅಲ್ಲಿ ಮಾಡಿದರೆ ಪಾದ ಒದ್ದೆಯಾಗುತ್ತದೆ.

ಆ ಅಮ್ಮ ಒಂದು ತೊತೊರಾ ಕಿತ್ತು, ಬುಡದ ಬಿಳಿ ಭಾಗವನ್ನು ಬಾಳೆಹಣ್ಣಿನ ಹಾಗೆ ಸುಲಿದು ಕೊಟ್ಟರು. ತಿನ್ನಲು! ನೀರು ನೀರಾಗಿ, ಕರುಂಕುರುಂ, ಸೌತೆಕಾಯಿಯ ತಂಗಿ ಇರಬೇಕು ಅನ್ನಿಸಿತು. ಅದೇ ಗಿಡದಿಂದ ದೋಣಿಯನ್ನೂ ಕಟ್ಟುತ್ತಾರೆ. 1970ರಲ್ಲಿ ನಾರ್ವೆಯ ಥೋರ್ ಹೆಯರ್ಡಾಲ್, ಜೊಂಡಿನ ದೋಣಿಯಲ್ಲಿ ಅಟ್ಲಾಂಟಿಕ್ ಸಾಗರ ದಾಟಬಹುದೇ ಎಂದು ನೋಡಲು ಹೊರಟಾಗ, ದೋಣಿ ಕಟ್ಟಲು ಕರೆಸಿಕೊಂಡದ್ದು ಟಿಟಿಕಾಕಾದ ಐಮಾರ ಕುಶಲಿಗಳನ್ನೇ. 'ರಾ 2' ಎಂಬ ಆ ದೋಣಿ ಮೊರಾಕೊದಿಂದ ಬಾರ್ಬಡೋಸಿಗೆ 57 ದಿನಗಳಲ್ಲಿ ತಲುಪಿತು. ಈಗ ಪ್ರವಾಸಿಗರನ್ನು ಕೂರಿಸುವ ದೊಡ್ಡ ದೋಣಿಗಳ ಹೊಟ್ಟೆಯಲ್ಲಿ ಜೊಂಡಿನ ಜೊತೆ ಖಾಲಿ ಪ್ಲಾಸ್ಟಿಕ್ ಬಾಟಲಿಗಳನ್ನೂ ತುಂಬುತ್ತಾರೆ. ಕೆಲವರಿಗೆ ಇದು ಮೋಸ ಅನ್ನಿಸುತ್ತದೆ. ನನಗೇನೂ ಅನ್ನಿಸಲಿಲ್ಲ. ಮುಚ್ಚಿಟ್ಟ ಗಾಳಿ ತೇಲಿಸುತ್ತದೆ ಎಂದು ಅವರಿಗೆ ನಮಗಿಂತ ಬಹಳ ಮೊದಲೇ ಗೊತ್ತು, ಡಬ್ಬಿ ಬದಲಾಗಿದೆ ಅಷ್ಟೆ.

ಅದೇ ನೀರಿನಲ್ಲಿ ಒಂದು ಕಪ್ಪೆ ಇದೆ. ಮೈಗಿಂತ ದೊಡ್ಡ ಅಂಗಿ ತೊಟ್ಟ ಹಾಗೆ ಅದರ ಚರ್ಮ ಮಡಿಕೆ ಮಡಿಕೆಯಾಗಿ ಜೋತುಬಿದ್ದಿರುತ್ತದೆ. ಟಿಟಿಕಾಕಾದ ದೈತ್ಯ ಕಪ್ಪೆ ಎಂದು ಹೆಸರು. ಅದರ ಶ್ವಾಸಕೋಶ ತೀರ ಸಣ್ಣದು, ಉಸಿರಾಟ ಬಹುಪಾಲು ಚರ್ಮದಿಂದ. ಮಡಿಕೆ ಹೆಚ್ಚಿದಷ್ಟೂ ನೀರು ತಾಗುವ ಜಾಗ ಹೆಚ್ಚು, ಅಷ್ಟು ಆಮ್ಲಜನಕ ಹೆಚ್ಚು. ಸಾಲದೆ ಬಂದರೆ ತಳದಲ್ಲಿ ಕೂತು ದಂಡ ಹೊಡೆಯುತ್ತದೆ! ಮೇಲೆ ಕೆಳಗೆ, ಮೇಲೆ ಕೆಳಗೆ. ಹಾಗೆ ಮಾಡಿದಾಗ ಮಡಿಕೆಗಳ ನಡುವೆ ಹೊಸ ನೀರು ಹರಿಯುತ್ತದೆ. ಪಟ್ಟಣಗಳ ಕೊಳಚೆ ಸರೋವರಕ್ಕೆ ಸೇರಿದ್ದು, ಜನ ಹಿಡಿದು ತಿಂದದ್ದು ಎರಡೂ ಕೂಡಿ ಈಗ ಅದು ಅಳಿವಿನಂಚಿನಲ್ಲಿದೆ.

ಸರೋವರಕ್ಕೂ ಅದರದೇ ಕಷ್ಟವಿದೆ. ಇಪ್ಪತ್ತಕ್ಕೂ ಹೆಚ್ಚು ಹೊಳೆಗಳು ಬಂದು ಸೇರುತ್ತವೆ, ಹೊರಗೆ ಹರಿಯುವುದು ದೆಸಾಗ್ವಾದೆರೊ ಎಂಬ ಒಂದೇ ನದಿ. ಅದು ಒಯ್ಯುವುದೂ ಕೊಂಚವೇ. ಸುಮಾರು ಹತ್ತರಲ್ಲಿ ಒಂಬತ್ತು ಪಾಲು ನೀರು ಬಿಸಿಲಿಗೆ, ಒಣ ಗಾಳಿಗೆ ಆವಿಯಾಗಿ ಹೋಗುತ್ತದೆ. ಮಳೆ ತಪ್ಪಿದರೆ ಮಟ್ಟ ಬೇಗ ಇಳಿಯುತ್ತದೆ. 2023ರಲ್ಲಿ ಹಾಗೇ ಆಗಿ, ಜೊಂಡು ಒಣಗಿತು, ದೋಣಿಗಳು ಕೆಸರಿನಲ್ಲಿ ಕೂತವು.

ಮೂರನೆಯ ದಿನ ಹೋದದ್ದು ತಕೀಲೆ ದ್ವೀಪಕ್ಕೆ. ಇದು ನಿಜವಾದ ಕಲ್ಲುಮಣ್ಣಿನ ದ್ವೀಪ, ಜನ ಕೆಚುವಾ ಮಾತಾಡುವವರು. ದೋಣಿ ಇಳಿದರೆ ಊರಿಗೆ ಐನೂರಕ್ಕೂ ಹೆಚ್ಚು ಮೆಟ್ಟಿಲು. ನಾನು ಇಪ್ಪತ್ತಕ್ಕೊಮ್ಮೆ ಕೂರುತ್ತಿದ್ದೆ. ನನ್ನ ಪಕ್ಕದಲ್ಲೇ ಒಬ್ಬ ಅಜ್ಜ ಬೆನ್ನಿಗೆ ಮೂಟೆ ಕಟ್ಟಿಕೊಂಡು ಮೇಲೆ ಹತ್ತಿಹೋದರು, ಕೈಯಲ್ಲಿ ಟೊಪ್ಪಿ ಹೆಣೆಯುತ್ತಾ! ಅಲ್ಲಿ ಹೆಣಿಗೆ ಗಂಡಸರ ಕೆಲಸ, ಹುಡುಗರು ಚಿಕ್ಕಂದಿನಲ್ಲೇ ಕಡ್ಡಿ ಹಿಡಿಯುತ್ತಾರೆ. ಹೆಂಗಸರು ನೂಲುತ್ತಾರೆ, ನೇಯುತ್ತಾರೆ. ಈ ಜವಳಿಯ ಕಲೆಗೆ 2005ರಲ್ಲಿ ಯುನೆಸ್ಕೊ ಮನ್ನಣೆ ಸಿಕ್ಕಿದೆ.

ಅಜ್ಜನಿಗೆ ಇಲ್ಲದ ಏದುಸಿರು ನನಗೆ ಯಾಕೆ? ರಕ್ತದ ಕೆಂಪು ಕಣಗಳು ಆಮ್ಲಜನಕ ಹೊರುವ ಕೂಲಿಗಳು. ಆಂಡೀಸಿನವರ ರಕ್ತದಲ್ಲಿ ಆಮ್ಲಜನಕ ಹಿಡಿಯುವ ಹಿಮೋಗ್ಲೋಬಿನ್ ನಮಗಿಂತ ಹೆಚ್ಚು, ಎದೆಗೂಡೂ ದೊಡ್ಡದು. ನಾವೂ ಅಲ್ಲಿ ಕೆಲವು ವಾರ ಇದ್ದರೆ, ಆಮ್ಲಜನಕ ಸಾಲುತ್ತಿಲ್ಲ ಎಂದು ಮೂತ್ರಪಿಂಡ ಪತ್ತೆಹಚ್ಚಿ ಎಲುಬಿನ ಮಜ್ಜೆಗೆ ಹೇಳಿಕಳಿಸುತ್ತದೆ, ಮಜ್ಜೆ ಹೆಚ್ಚು ಕಣ ತಯಾರಿಸುತ್ತದೆ. ಬೈಲಕುಪ್ಪೆಯಲ್ಲಿ ಟಿಬೆಟಿನವರನ್ನು ನೋಡಿದ್ದೀರಲ್ಲ, ಅವರ ಪೂರ್ವಿಕರೂ ಇಂಥದೇ ಎತ್ತರದವರು. ಆದರೆ ಟಿಬೆಟಿನವರ ಮೈ ಹಿಮೋಗ್ಲೋಬಿನ್ ಅಷ್ಟಾಗಿ ಹೆಚ್ಚಿಸದೆ, ಉಸಿರನ್ನೂ ರಕ್ತದ ಹರಿವನ್ನೂ ಹೆಚ್ಚಿಸುವ ಬೇರೆ ದಾರಿ ಹಿಡಿದಿದೆ.

ಆ ರಾತ್ರಿ ದ್ವೀಪದಲ್ಲೇ ಉಳಿದೆ. ಹಗಲು ಕೆನ್ನೆ ಸುಟ್ಟ ಬಿಸಿಲು, ಇಳಿಸಂಜೆಗೆ ಹಲ್ಲು ಕಟಕಟ. ತೆಳುಗಾಳಿ ಬಿಸಿಲನ್ನು ತಡೆಯುವುದೂ ಕಡಿಮೆ, ನೆಲದ ಶಾಖವನ್ನು ಹಿಡಿದಿಡುವುದೂ ಕಡಿಮೆ. ಅಜ್ಜ ಹೆಣೆಯುತ್ತಿದ್ದಂಥದೇ ಒಂದು ಟೊಪ್ಪಿ ಕೊಂಡು ಕಿವಿವರೆಗೆ ಎಳೆದುಕೊಂಡೆ. ಉಣ್ಣೆಯ ಎಳೆಗಳ ನಡುವೆ ಸಿಕ್ಕಿಬಿದ್ದು ಕದಲದೆ ನಿಂತ ಗಾಳಿ ತಲೆಯನ್ನು ಬೆಚ್ಚಗಿಟ್ಟಿತು. ಊಟಕ್ಕೆ ಬೇಯಿಸಿದ ಆಲೂಗಡ್ಡೆ. ಹಾಸನದ ಹೊಲಗಳಲ್ಲಿ ಬೆಳೆದು ನಮ್ಮ ಬೋಂಡಾದೊಳಗೆ ಕೂರುತ್ತದಲ್ಲ, ಆ ಆಲೂಗಡ್ಡೆಯ ತವರು ಇದೇ ಸೀಮೆ. ಸಾವಿರಾರು ವರ್ಷಗಳ ಹಿಂದೆ ಕಾಡುಗಡ್ಡೆಯನ್ನು ಪಳಗಿಸಿದವರು ಈ ಸರೋವರದ ಸುತ್ತಿನ ಜನ.

ಇಷ್ಟು ಕೇಳುವಷ್ಟರಲ್ಲಿ ಅಣ್ಣನ ಮಗಳು ಟೊಪ್ಪಿಯನ್ನು ತಲೆಗೇರಿಸಿಕೊಂಡಾಗಿತ್ತು. ಬಾಟಲಿ ಇನ್ನೂ ಕೈಯಲ್ಲೇ ಇತ್ತು.

"ಅಂದ್ರೆ ಅತ್ತೆ, ಮುಚ್ಚಳ ಹಾಕುವಾಗ ಒಳಗೆ ಅಲ್ಲಿನ ತೆಳುಗಾಳಿ ಇತ್ತು. ಇಲ್ಲಿಗೆ ಬಂದಮೇಲೆ ಹೊರಗಿನ ದಪ್ಪಗಾಳಿ ಅದನ್ನ ಅಮುಕಿಬಿಡ್ತು. ಅಲ್ವಾ?"

"ಹೌದು. ಮೂರರಲ್ಲಿ ಒಂದು ಪಾಲು ಕುಗ್ಗಿಸಿದೆ. ಮುಚ್ಚಳ ತೆಗೆ, ಪುಸ್ ಅಂತ ಗಾಳಿ ಒಳಗೆ ನುಗ್ಗುತ್ತೆ ನೋಡು."

ಅವಳು ಮುಚ್ಚಳದ ಮೇಲೆ ಕೈಯಿಟ್ಟು ಯೋಚಿಸಿದಳು. ಆಮೇಲೆ ತಿರುಗಿಸದೆ, ಬಾಟಲಿಯನ್ನು ಹಾಗೇ ಒಯ್ದು ತನ್ನ ಪುಸ್ತಕದ ಗೂಡಿನಲ್ಲಿ ನಿಲ್ಲಿಸಿ, ಅದರ ಮೇಲೆ ಒಂದು ಚೀಟಿ ಅಂಟಿಸಿದಳು: "ಟಿಟಿಕಾಕಾದ ಗಾಳಿ. ಯಾರೂ ಮುಟ್ಟಬಾರದು."