ಚಿನ್ನದ ಗಡಿಯಿಂದ ಉದಗೀರದ ಸೀಮೆಗೆ

ಉದಗೀರ, ನಿಲಂಗಾ ತಾಲೂಕುಗಳು 1956ರವರೆಗೆ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲಿದ್ದವು. ಪಕ್ಕದ ಉಮರ್ಗಾ ಉಸ್ಮಾನಾಬಾದಿಗೆ ಸೇರಿತ್ತು. ಕನ್ನಡ, ಮರಾಠಿ, ಉರ್ದು ಒಂದೇ ಸಂತೆಯಲ್ಲಿ ಕೇಳುವ ಸೀಮೆ ಇದು. ಇಲ್ಲಿಗೂ ಬೀದರಿಗೂ ಮೆಥೋಡಿಸ್ಟ್ ಕ್ರೈಸ್ತ ಸಭೆ ಬಂದ ದಾರಿ ಹಿಡಿದು ಹಿಂದೆ ಹೋದರೆ, ಕಲಬುರಗಿ, ಮುಂಬಯಿ ದಾಟಿ ಅದು ಕ್ಯಾಲಿಫೋರ್ನಿಯಾ ಮುಟ್ಟುತ್ತದೆ.

1849. ಚಿನ್ನದ ಆಸೆಗೆ ಜನ ಸ್ಯಾನ್ ಫ್ರಾನ್ಸಿಸ್ಕೋಗೆ ನುಗ್ಗುತ್ತಿದ್ದರು. ವರ್ಜೀನಿಯಾದ ಮೆಥೋಡಿಸ್ಟ್ ಪಾದ್ರಿ ವಿಲಿಯಂ ಟೇಲರ್ ಹೆಂಡತಿ ಮಕ್ಕಳೊಂದಿಗೆ ಅಲ್ಲಿಗಿಳಿದರು. ಬಾಡಿಗೆ ಕೈಗೆಟುಕದ್ದರಿಂದ ಕೊಲ್ಲಿಯಾಚೆಯ ಕಾಡಿಗೆ ಹೋಗಿ, ಮರ ಕಡಿದು ತಂದು ಮನೆ ಕಟ್ಟಿದರು. ಆ ಡಿಸೆಂಬರಿನ ಒಂದು ಭಾನುವಾರ ಪೋರ್ಟ್ಸ್‌ಮತ್ ಚೌಕದ ಜೂಜುಕಟ್ಟೆಯೆದುರು ಬಡಗಿಯ ಮಣೆ ಏರಿ ನಿಂತು ಹಾಡತೊಡಗಿದರು. ಜೂಜಾಡುತ್ತಿದ್ದವರು ಎದ್ದು ಹೊರಬಂದರು. ಏಳು ವರ್ಷ ಬೀದಿಯೇ ಅವರ ಗುಡಿಯಾಯಿತು. ಆಸ್ಪತ್ರೆಯಲ್ಲಿ ಸಾಯುತ್ತಿದ್ದವರ ಪಕ್ಕ ಕೂರುವುದೂ ಅದೇ ಕೆಲಸದ ಭಾಗ. ನಾವಿಕರಿಗಾಗಿ ಮಾಡಿದ ಸಾಲ ತೀರಿಸಲು ಪುಸ್ತಕ ಬರೆದು ಮಾರಿದರು.

ಪರರ ಹಣಕ್ಕೆ ಕೈಚಾಚಬಾರದೆಂಬ ಆ ಹಟವನ್ನೇ ಹೊತ್ತು 1870ರಲ್ಲಿ ಅವರು ಭಾರತಕ್ಕೆ ಬಂದರು. ಮುಂಬಯಿ, ಕಲ್ಕತ್ತಾ, ಮದ್ರಾಸು, ಬೆಂಗಳೂರುಗಳಲ್ಲಿ ಸಭೆಗಳು ಹುಟ್ಟಿದವು. ಪಾದ್ರಿಯನ್ನು ಸಭೆಯೇ ಸಾಕಬೇಕು, ಅಮೆರಿಕದ ಮಿಷನರಿ ಸೊಸೈಟಿಯಲ್ಲ ಎಂಬುದು ಅವರ ಪಟ್ಟು. ನನಗೆ ಅವರಲ್ಲಿ ಅತಿ ದೊಡ್ಡದಾಗಿ ಕಾಣುವುದು ಇದೇ. ಆದರೆ ಅವರು ಮಾತಾಡಿದ್ದು ಇಂಗ್ಲಿಷಿನಲ್ಲಿ, ಬಹುಪಾಲು ಇಂಗ್ಲಿಷ್ ಬಲ್ಲ ಪಟ್ಟಣಿಗರಿಗೆ. ಹಳ್ಳಿ ಅವರಿಗೆ ದಕ್ಕಲಿಲ್ಲ.

ಹಳ್ಳಿಗೆ ಹೋದವರು ಬೇರೆಯವರು. ಡಿ. ಒ. ಅರ್ನ್ಸ್‌ಬರ್ಗರ್ ಕಲಬುರಗಿಯಲ್ಲಿ ನಿಂತು ಕನ್ನಡದಲ್ಲಿ ಕೆಲಸ ಮಾಡಿದರು. ಮುಂದೆ ಬೀದರೂ ಕೇಂದ್ರವಾಯಿತು. ಅಮೆರಿಕದ ಕಾಡುದಾರಿಯಲ್ಲಿ ಕುದುರೆಯೇರಿ ಸುತ್ತುತ್ತಿದ್ದ ಮೆಥೋಡಿಸ್ಟ್ ಪಾದ್ರಿಯಂತೆ ಇಲ್ಲಿಯೂ ಒಬ್ಬರಿಗೆ ಹತ್ತಾರು ಊರು. ಆ ಊರುಗಳ ದಲಿತ ಕೇರಿಗಳಲ್ಲಿ ದಿನವೂ ಇದ್ದು ಅಕ್ಷರ ಕಲಿಸಿದವರು, ಪ್ರಾರ್ಥನೆ ನಡೆಸಿದವರು ನಮ್ಮವರೇ ಆದ ಉಪದೇಶಕರು, ಬೈಬಲ್ ಸ್ತ್ರೀಯರು. ಮಿಷನ್ನಿನ ಚರಿತ್ರೆ ಪುಸ್ತಕಗಳು ಇವರಿಗೆ ಕೊಟ್ಟ ಜಾಗ ತೀರಾ ಕಡಿಮೆ. ಅದು ಅನ್ಯಾಯ.

ಇನ್ನೊಂದು ಹೋಲಿಕೆಯೂ ಇದೆ. ಅಮೆರಿಕದ ಗಡಿನಾಡಿನಲ್ಲಿ ಬಂಡಿ ಕಟ್ಟಿಕೊಂಡು ಬಂದ ಕುಟುಂಬಗಳು ಕಾಡಿನಲ್ಲಿ ಡೇರೆ ಹಾಕಿ ದಿನಗಟ್ಟಲೆ ಆರಾಧನೆ ಮಾಡುತ್ತಿದ್ದವು. ಬೀದರಿನಾಚೆ ತೆಲಂಗಾಣದ ಧಾರೂರಿನಲ್ಲಿ ಪ್ರತಿ ನವೆಂಬರಿನಲ್ಲಿ ಮೆಥೋಡಿಸ್ಟರು ಹಾಗೆಯೇ ಸೇರುತ್ತಾರೆ, ಅಲ್ಲೇ ಒಲೆ ಹೂಡುತ್ತಾರೆ. ಅದನ್ನು ಅವರು ಕರೆಯುವುದು ಜಾತ್ರೆ ಎಂದೇ.