ಆಚಂದ್ರಾರ್ಕವಾದ ನೆಲ

ನಮ್ಮ ನಾಡಿನ ಶಿಲಾಶಾಸನಗಳನ್ನು ಓದಿರುವವರಿಗೆ ಅವುಗಳ ಕೊನೆಯ ಭಾಗ ಚೆನ್ನಾಗಿ ಪರಿಚಿತವಾದುದು. ಇಂಥ ಭೂಮಿಯನ್ನು ಇಂಥ ದೇವರಿಗೋ ಕೆರೆಗೋ ಬಿಟ್ಟೆವೆಂದು ಹೇಳಿದ ಬಳಿಕ, ಅದು ಆಚಂದ್ರಾರ್ಕವಾಗಿ ನಡೆಯಲೆಂದು ಹಾರೈಸಿ, ಅಪಹರಿಸಿದವನು 60,000 ವರ್ಷ ಹುಳುವಾಗಿ ಹುಟ್ಟಲೆಂದು ಶಪಿಸಿರುತ್ತಾರೆ. ದಾನಕೊಡುವುದು ಸುಲಭ, ಕೊಟ್ಟುದನ್ನು ಮೊಮ್ಮಕ್ಕಳ ಕೈಯಿಂದ ಉಳಿಸುವುದು ಕಷ್ಟ ಎಂಬ ಅರಿವು ಆ ಶಾಪದಲ್ಲಡಗಿದೆ. ಇದೇ ಕಷ್ಟವನ್ನು ಇಂಗ್ಲೆಂಡಿನವರು ಬೇರೊಂದು ಬಗೆಯಲ್ಲಿ ಎದುರಿಸಿದರು. ಆ ವೃತ್ತಾಂತವನ್ನು ಈ ಹೊತ್ತು ವಿಚಾರಮಾಡೋಣ.

ವರ್ಡ್ಸ್‌ವರ್ತ್ ಕವಿಯ ಸರೋವರಪ್ರಾಂತವನ್ನು ನಾವೆಲ್ಲರೂ ಪುಸ್ತಕಗಳಲ್ಲಿ ಕಂಡವರೇ. ಆ ಪ್ರಾಂತದ ಥರ್ಲ್‌ಮಿಯರ್ ಸರೋವರಕ್ಕೆ ಮ್ಯಾಂಚೆಸ್ಟರ್ ನಗರವು ಅಣೆಕಟ್ಟೆ ಹಾಕಿಸಿತು. 1894ರಲ್ಲಿ ಅದರ ನೀರು ನಗರವನ್ನು ಮುಟ್ಟಿತು. ಕುಡಿಯುವ ನೀರು ಬೇಡವೆನ್ನುವ ಧೈರ್ಯ ಯಾರಿಗುಂಟು? ಆದರೆ ಇಂಥ ಜಗಳಗಳಿಂದ ಸರ್ ರಾಬರ್ಟ್ ಹಂಟರ್ ಎಂಬ ನ್ಯಾಯವಾದಿಗೆ ಒಂದು ಸಂಗತಿ ಮನದಟ್ಟಾಗಿತ್ತು: ಉಳಿಸಿದ ನೆಲವನ್ನು ಹಿಡಿದುಕೊಂಡಿರಲು ಕಾನೂನು ಒಪ್ಪುವ ಒಬ್ಬ ಒಡೆಯ ಬೇಕು, ಆ ಒಡೆಯನಿಗೆ ಸಾವಿರಬಾರದು. ಹಂಟರ್, ಲಂಡನ್ನಿನ ಬಡವರ ವಸತಿಗಾಗಿ ದುಡಿದ ಆಕ್ಟೇವಿಯಾ ಹಿಲ್, ಪಾದ್ರಿಯಾದ ರಾನ್ಸ್‌ಲಿ, ಈ ಮೂವರೂ ಸೇರಿ 1895ರಲ್ಲಿ ನ್ಯಾಷನಲ್ ಟ್ರಸ್ಟನ್ನು ಸ್ಥಾಪಿಸಿದರು. ಅದೇ ವರ್ಷ ಫ್ಯಾನಿ ಟಾಲ್ಬಟ್ ಎಂಬ ಮಹಿಳೆ ವೇಲ್ಸ್ ದೇಶದ ಕಡಲಂಚಿನಲ್ಲಿ ನಾಲ್ಕೂವರೆ ಎಕರೆಯಷ್ಟು ಗುಡ್ಡವನ್ನು ದಾನಮಾಡಿದಳು. 1902ರಲ್ಲಿ ಡರ್ವೆಂಟ್‌ವಾಟರ್ ಸರೋವರದ ದಡದ 100 ಎಕರೆಗೂ ಮಿಕ್ಕ ಕಾಡನ್ನು ಸಾರ್ವಜನಿಕರ ಚಂದಾಹಣದಿಂದ ಕೊಂಡರು. ಶ್ರೀಮಂತರ ಪೌಂಡುಗಳ ಜೊತೆಗೆ ಕೂಲಿಕಾರರ ಶಿಲ್ಲಿಂಗುಗಳೂ ಅದರಲ್ಲಿದ್ದುವು.

ಇಷ್ಟಾದರೂ ಶಾಪವಾಕ್ಯದ ಸ್ಥಳ ತೆರವಾಗಿಯೇ ಇತ್ತು. ಅದನ್ನು ತುಂಬಿದುದು 1907ರ ಕಾಯಿದೆ. ಟ್ರಸ್ಟು ಯಾವುದಾದರೂ ನೆಲವನ್ನು ಪರಭಾರೆಯಾಗದ ಆಸ್ತಿಯೆಂದು ಸಾರಿತೆಂದರೆ, ಅನಂತರ ತಾನೇ ಮನಸ್ಸುಮಾಡಿದರೂ ಅದನ್ನು ಮಾರಲಾಗದು, ಅಡವಿಡಲಾಗದು. ಸರ್ಕಾರವೇ ಬಲವಂತವಾಗಿ ತೆಗೆದುಕೊಳ್ಳಹೊರಟು, ಟ್ರಸ್ಟು ಒಪ್ಪದಿದ್ದರೆ, ವಿಷಯವು ಪಾರ್ಲಿಮೆಂಟಿನ ಮುಂದೆ ಬರಬೇಕು. 1937ರ ಕಾಯಿದೆ ಇನ್ನೊಂದು ದಾರಿ ತೆರೆಯಿತು: ಭೂಮಾಲೀಕನು ಜಮೀನನ್ನು ತನ್ನಲ್ಲೇ ಇಟ್ಟುಕೊಂಡು, ಅದರ ಸ್ವರೂಪ ಕೆಡಿಸೆನೆಂದು ಟ್ರಸ್ಟಿಗೆ ಕರಾರು ಬರೆದುಕೊಡಬಹುದು; ಆ ಕರಾರು ಮುಂದೆ ಕೊಂಡವನನ್ನೂ ಕಟ್ಟಿಹಾಕುತ್ತದೆ. ಇನ್ನೂ ಹುಟ್ಟದವರ ಕೈ ಕಟ್ಟಲು ನಮಗೆ ಹಕ್ಕೇನೆಂದು ಆಕ್ಷೇಪಿಸುವವರುಂಟು. ಕಾಡನ್ನು ಕಡಿದಿಟ್ಟರೂ ಅವರ ಕೈ ಕಟ್ಟಿದಂತೆಯೇ. ಆ ಕಟ್ಟನ್ನು ಬಿಚ್ಚಲು ಯಾವ ಪಾರ್ಲಿಮೆಂಟಿಗೂ ಸಾಧ್ಯವಿಲ್ಲ.

ಕಾಗದಪತ್ರದಿಂದಲೇ ಎಲ್ಲವೂ ಮುಗಿಯುವುದೆಂದಲ್ಲ. ಕೇಂಬ್ರಿಜ್ ಬಳಿ ವಿಕನ್ ಫೆನ್ ಎಂಬ ಜೌಗುನೆಲವಿದೆ. 1899ರಲ್ಲಿ 10 ಪೌಂಡಿಗೆ ಎರಡೆಕರೆ ಕೊಂಡು ಅಲ್ಲಿ ಆರಂಭಿಸಿದರು. ಹಿಂದೆ ಹಳ್ಳಿಗರು ಮನೆಗಳ ಹೊದಿಕೆಗೆಂದು ಅಲ್ಲಿಯ ಜೊಂಡನ್ನು ಕೊಯ್ಯುತ್ತಿದ್ದರು. ಕೊಯ್ಯುವುದು ಕಡಮೆಯಾದೊಡನೆ ಪೊದೆಗಳು ನುಗ್ಗಿ ಜೌಗನ್ನು ಮುಚ್ಚತೊಡಗಿದುವು. ಮನುಷ್ಯನ ಕೈ ತಾಗದಿದ್ದರೆ ಪ್ರಕೃತಿ ತಾನಾಗಿ ಉಳಿಯುವುದೆಂಬ ಭಾವನೆ ಅಲ್ಲಿ ನಡೆಯಲಿಲ್ಲ. ಈಗ ಅಲ್ಲಿ ಜೊಂಡು ಕೊಯ್ಯುವ ಕೆಲಸವೂ ಇದೆ, ದನಕುದುರೆಗಳನ್ನು ಮೇಯಿಸುವುದೂ ಇದೆ.

ನಮ್ಮಲ್ಲಿ ಇದಕ್ಕೆ ಸಮೀಪದ ಏರ್ಪಾಡೆಂದರೆ ಕೊಡಗಿನ ದೇವರಕಾಡುಗಳು. ಅಲ್ಲಿ ಒಡೆಯನು ದೇವರು. ಕಾವಲು ಊರಿನವರ ಭಯಭಕ್ತಿ. 1905ರಲ್ಲಿ ಸುಮಾರು 15,500 ಎಕರೆಯಿದ್ದ ಈ ಬನಗಳು 1985ರ ವೇಳೆಗೆ ಸುಮಾರು 6,300 ಎಕರೆಗೆ ಇಳಿದಿದ್ದುವು. ಆ ನಡುವೆ ಅವು ಕಂದಾಯ ಇಲಾಖೆಯ ವಶದಲ್ಲಿದ್ದುವು. ಕಾಫಿಯ ತೋಟ ಬನದ ಅಂಚನ್ನು ಒಂದೊಂದೇ ಗಜ ಒತ್ತುವಾಗ ಶಾಪಕ್ಕೆ ಹೆದರಿದವರು ಕಡಮೆ. 1985ರಲ್ಲಿ ಅವು ಮರಳಿ ಅರಣ್ಯ ಇಲಾಖೆಗೆ ಸೇರಿದುವು. ಊರಿನ ದೇವಸ್ಥಾನ ಸಮಿತಿಗಳೂ ಇಲಾಖೆಯೂ ಕೂಡಿ ಅವುಗಳನ್ನು ಕಾಯುವ ಪ್ರಯತ್ನ ನಡೆದಿದೆ. ಈ ಜೊತೆಗಾರಿಕೆಗೆ ಮೊದಲು ಬೇಕಾದುದು ಬನದ ಎಲ್ಲೆಯನ್ನು ಅಳೆದು ಕಲ್ಲು ನೆಡುವುದೆಂದು ನಮ್ಮ ಅಭಿಪ್ರಾಯ. ಹಳೆಯ ಶಾಸನಗಳನ್ನು ಬರೆದವರೂ ಶಾಪ ಬರೆಯುವ ಮೊದಲು ನಾಲ್ಕು ದಿಕ್ಕಿನ ಎಲ್ಲೆಗಳನ್ನು ಬರೆಯುತ್ತಿದ್ದರು.