"ಅರ್ಥ ಆಯ್ತಾ?" ಅಂತ ಕೇಳಿದರೆ ಸಾಲದು
(ಸ್ವಸಹಾಯ ಸಂಘಗಳ ಪ್ರತಿನಿಧಿಗಳ ತರಬೇತಿಯಲ್ಲಿ ಆಡಿದ ಮಾತುಗಳ ಬರಹ ರೂಪ)



ತಮ್ಮಲ್ಲಿ ಹೆಚ್ಚಿನವರು ಸರದಿಯಂತೆ ಸಂಘದ ಸಭೆ ನಡೆಸುವವರು. ಕೆಲವರು ಹೊಸ ಸಂಘಗಳಿಗೆ ಹೋಗಿ ಲೆಕ್ಕ ಬರೆಯಲು ಕಲಿಸುವವರು. ಆದುದರಿಂದ ಇಂದು ನಾವು ಮಾತಾಡಬೇಕೆಂದಿರುವುದು ಭಾಷಣದ ಬಗ್ಗೆ ಅಲ್ಲ, ಪ್ರಶ್ನೆಯ ಬಗ್ಗೆ.

ಪ್ರಶ್ನೆ ಕೇಳೋದರಲ್ಲಿ ಕಲಿಯೋಕೆ ಏನಿದೆ ಅಂತ ತಮಗೆ ಅನಿಸಬಹುದು. ನಮ್ಮ ಸಭೆಗಳಲ್ಲಿ ಹೆಚ್ಚಾಗಿ ಕೇಳಿಬರುವ ಪ್ರಶ್ನೆ ಯಾವುದು ಹೇಳಿ? "ಎಲ್ರಿಗೂ ಅರ್ಥ ಆಯ್ತಾ?" ಇದಕ್ಕೆ ಬರುವ ಉತ್ತರವೂ ಒಂದೇ, "ಹೂಂ." ಅರ್ಥ ಆಗದವಳೂ ಹೂಂ ಅಂತಾಳೆ. ಹದಿನೈದು ಇಪ್ಪತ್ತು ಜನರ ನಡುವೆ "ನನಗೆ ತಿಳೀಲಿಲ್ಲ" ಅನ್ನಲು ಯಾರಿಗೆ ಮನಸ್ಸು ಬರುತ್ತದೆ? ಹೀಗೆ ಹೂಂ ಅಂದವರೇ ಆಮೇಲೆ ನಿರ್ಣಯ ಪುಸ್ತಕಕ್ಕೆ ಸಹಿ ಹಾಕುತ್ತಾರೆ. ಸಾಲದ ಕಾಗದಕ್ಕೂ ಹಾಕುತ್ತಾರೆ.

ಸಾಲದ ವಿಷಯವನ್ನೇ ತೆಗೆದುಕೊಳ್ಳೋಣ. ಸದಸ್ಯೆಯೊಬ್ಬಳಿಗೆ 12,000 ರೂಪಾಯಿ ಸಾಲ. ತಿಂಗಳಿಗೆ ಸಾವಿರದಂತೆ ಹನ್ನೆರಡು ಕಂತಿನಲ್ಲಿ ಅಸಲು ತೀರಬೇಕು. ಬಡ್ಡಿ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ. ಸಭೆಯಲ್ಲಿ "ಬಡ್ಡಿ ಎಷ್ಟು?" ಅಂತ ಕೇಳಿದರೆ "ನೂರಕ್ಕೆ ಒಂದು" ಅಂತ ಎಲ್ಲರೂ ಒಟ್ಟಿಗೆ ಹೇಳುತ್ತಾರೆ. ಅಲ್ಲಿಗೆ ಮುಗಿಯಿತು, ಯಾರೂ ಯೋಚಿಸಬೇಕಾಗಿಲ್ಲ.

ಅದೇ ಸಭೆಯಲ್ಲಿ ಹೀಗೆ ಕೇಳಿ ನೋಡಿ: "ಆರು ಕಂತು ಕಟ್ಟಿ ಆಯ್ತು. ಈಗ ಅವಳ ಹತ್ತಿರ ಸಾಲದ ಹಣ ಎಷ್ಟು ಉಳಿದಿದೆ?" ಆರು ಸಾವಿರ. "ಏಳನೇ ತಿಂಗಳು ಅವಳಿಂದ ತೆಗೆದುಕೊಂಡ ಬಡ್ಡಿ ಎಷ್ಟು? ಪಾಸ್ ಪುಸ್ತಕ ನೋಡಿ ಹೇಳಿ." ಅಲ್ಲಿ 60 ರೂಪಾಯಿ ಇದ್ದರೆ ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕಿದ್ದಾರೆ ಎಂದರ್ಥ. 120 ಇದ್ದರೆ? "ವಾಪಸ್ ಕೊಟ್ಟ ಹಣಕ್ಕೂ ಬಡ್ಡಿ ಯಾಕೆ?" ಈ ಮಾತನ್ನು ನಾವು ಹೇಳಬೇಕಾಗಿಲ್ಲ, ಸಭೆಯಲ್ಲೇ ಯಾರಾದರೂ ಕೇಳುತ್ತಾರೆ. ವರ್ಷದ ಲೆಕ್ಕ ಕೂಡಿಸಿದರೆ ಮೊದಲನೆಯ ರೀತಿಯಲ್ಲಿ ಒಟ್ಟು ಬಡ್ಡಿ 780 ರೂಪಾಯಿ, ಎರಡನೆಯದರಲ್ಲಿ 1,440. ಎರಡನ್ನೂ ಕರೆಯುವುದು ಮಾತ್ರ "ನೂರಕ್ಕೆ ಒಂದು" ಅಂತಲೇ!

ಬಡ್ಡಿ, ಶುಲ್ಕ ಎಲ್ಲವನ್ನೂ ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿ ಬರೆದು ಕೊಡಬೇಕೆಂದು ರಿಸರ್ವ್ ಬ್ಯಾಂಕು 2022ರಲ್ಲಿ ಕಿರುಸಾಲ ಕೊಡುವವರಿಗೆ ನಿರ್ದೇಶನ ನೀಡಿದೆ. ವಸೂಲಿಯಲ್ಲಿ ಬಲವಂತ ಮಾಡುವುದನ್ನು ತಡೆಯಲು 2025ರಲ್ಲಿ ನಮ್ಮ ರಾಜ್ಯದಲ್ಲಿ ಕಾನೂನೂ ಬಂತು. ಒಳ್ಳೆಯದೇ. ಆದರೆ ಕಾಗದ ಕೈಗೆ ಬಂದಾಗ ಅದನ್ನು ಏನೆಂದು ಕೇಳಬೇಕು ಅನ್ನುವುದು ನಮಗೇ ಗೊತ್ತಿರಬೇಕು. ಸಹಿ ಹಾಕಿದ ಮೇಲಲ್ಲ, ಅದಕ್ಕೆ ಮೊದಲು.

ದೊಡ್ಡವರಿಗೆ ಹೀಗೆ ಪ್ರಶ್ನೆಗಳಿಂದಲೇ ಪಾಠ ಮಾಡಿದ ಒಬ್ಬರು ಬ್ರೆಜಿಲ್ ದೇಶದಲ್ಲಿದ್ದರು. ಅವರ ಹೆಸರು ಪಾವ್ಲೋ ಫ್ರೇರೆ. 1963ರಲ್ಲಿ ಆಂಜಿಕೋಸ್ ಎಂಬ ಊರಿನಲ್ಲಿ ಸುಮಾರು 300 ಜನ ಬಡ ಕೂಲಿಕಾರರಿಗೆ ಅವರ ತಂಡದವರು ಸುಮಾರು 40 ಗಂಟೆಗಳ ಪಾಠದಲ್ಲಿ ಓದು ಬರಹ ಕಲಿಸಲು ಹೊರಟರು. ಫ್ರೇರೆಯವರ ಕ್ರಮದಲ್ಲಿ ನೇರವಾಗಿ ಅಕ್ಷರಮಾಲೆಯಿಂದ ಶುರು ಮಾಡುವುದಿಲ್ಲ. ಜನರ ದಿನನಿತ್ಯದ ಒಂದು ಚಿತ್ರ ತೋರಿಸುತ್ತಾರೆ, ಉದಾಹರಣೆಗೆ ಇಟ್ಟಿಗೆ ಹೊತ್ತು ಮನೆ ಕಟ್ಟುವವರ ಚಿತ್ರ. ಏನು ಕಾಣುತ್ತದೆ, ಮನೆ ಕಟ್ಟುವವರು ಯಾರು, ಅದರಲ್ಲಿ ವಾಸ ಮಾಡುವವರು ಯಾರು, ಹೀಗೆ ಮಾತು ಬೆಳೆದ ಮೇಲೆ "ಇಟ್ಟಿಗೆ" ಎಂಬ ಪದವನ್ನು ಬಿಡಿಸಿ ಅಕ್ಷರ ಕಲಿಸುತ್ತಾರೆ. ಓದಲು ಬಾರದವರಿಗೆ ಆಗ ಆ ದೇಶದಲ್ಲಿ ಮತದ ಹಕ್ಕೂ ಇರಲಿಲ್ಲ. 1964ರಲ್ಲಿ ಸೇನೆ ಅಧಿಕಾರ ಹಿಡಿಯಿತು, ಫ್ರೇರೆಯವರ ಶಿಕ್ಷಣ ಕಾರ್ಯಕ್ರಮ ನಿಂತಿತು, ಅವರು ಜೈಲು ಸೇರಿದರು. ಪ್ರಶ್ನೆ ಕೇಳುವ ಪಾಠಕ್ಕೆ ಎಷ್ಟು ಜನ ಹೆದರುತ್ತಾರೆ ನೋಡಿ!

ನಮ್ಮ ಸಂಘಗಳಲ್ಲಿ ಚಿತ್ರವೇ ಬೇಕೆಂದಿಲ್ಲ. ಪಾಸ್ ಪುಸ್ತಕ, ಕರೆಂಟ್ ಬಿಲ್ಲು, ಅಂಗಡಿಯಿಂದ ತಂದ ಔಷಧಿ ಚೀಟಿ ಯಾವುದಾದರೂ ಆದೀತು. ಎಲ್ಲರ ಕಣ್ಣಿಗೂ ಕಾಣುವ ಒಂದು ವಸ್ತು ನಡುವೆ ಇದ್ದರೆ ಓದಿದವಳು, ಓದದವಳು ಇಬ್ಬರೂ ಮಾತಾಡಬಲ್ಲರು. ಮೊದಲ ಪ್ರಶ್ನೆ ಕಾಣುವುದರ ಬಗ್ಗೆ ಇರಲಿ. ಆಮೇಲೆ "ನಮ್ಮಲ್ಲೂ ಹೀಗಿದೆಯಾ?" ಅನ್ನಿ. ಕಾರಣ ಕೇಳುವುದು ಅದಾದ ಮೇಲೆ. ಮೊದಲೇ ಕಾರಣ ಕೇಳಿದರೆ ಬಾಯಿ ಕಟ್ಟಿಬಿಡುತ್ತದೆ.

ಇಲ್ಲಿ ಒಂದು ಎಚ್ಚರಿಕೆ. "ಯಾಕೆ" ಎಂಬ ಪದ ಇದ್ದ ಮಾತ್ರಕ್ಕೆ ಅದು ಯೋಚಿಸುವ ಪ್ರಶ್ನೆ ಆಗುವುದಿಲ್ಲ. "ಯಾಕಮ್ಮ ಕಂತು ಕಟ್ಟಿಲ್ಲ?" ಅನ್ನುವುದು ಪ್ರಶ್ನೆಯಲ್ಲ, ಬೈಗುಳ. ಅವಳು ತಲೆ ತಗ್ಗಿಸುತ್ತಾಳೆ, ಮುಂದಿನ ವಾರ ಸಭೆಗೇ ಬರುವುದಿಲ್ಲ. ಅದರ ಬದಲು "ನಿಮ್ಮ ಮನೆಗೆ ಹಾಲಿನ ಬಟವಾಡೆ ಯಾವತ್ತು ಬರುತ್ತೆ? ಕಂತಿನ ದಿನ ಯಾವತ್ತು?" ಅಂತ ಎಲ್ಲರನ್ನೂ ಕೇಳಿ. ಹಣ ಕೈಗೆ ಬರುವ ಮೊದಲೇ ಕಂತಿನ ದಿನ ಇಟ್ಟುಕೊಂಡಿದ್ದರೆ ತಪ್ಪು ಅವಳದ್ದೋ, ದಿನಾಂಕದ್ದೋ ಅನ್ನುವುದು ಸಂಘಕ್ಕೇ ತಿಳಿಯುತ್ತದೆ. ದಿನಾಂಕವನ್ನು ಬದಲಾಯಿಸಬಹುದು ತಾನೇ?

ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರುವುದು ಬಹಳ ಕಷ್ಟ. ಸ್ವಲ್ಪ ಮೌನವಾದರೆ ಸಾಕು, ನಾವೇ ಉತ್ತರ ಹೇಳಿಬಿಡುತ್ತೇವೆ. ಮನಸ್ಸಿನಲ್ಲೇ ಹತ್ತು ಎಣಿಸಿ. ಆಗಲೂ ಯಾರೂ ಮಾತಾಡದಿದ್ದರೆ ಇಬ್ಬಿಬ್ಬರು ಮಾತಾಡಿಕೊಳ್ಳಲು ಹೇಳಿ. ಪಕ್ಕದವಳ ಹತ್ತಿರ ಪಿಸುಗುಟ್ಟಿದ್ದನ್ನು ಆಮೇಲೆ ಜೋರಾಗಿ ಹೇಳುವ ಧೈರ್ಯ ಬರುತ್ತದೆ. ಮನೆಯಲ್ಲಿ ಮಕ್ಕಳಿಗೂ ಇದೇ. "ಹೋಂವರ್ಕ್ ಆಯ್ತಾ?" ಅನ್ನುವುದರ ಜೊತೆಗೆ "ಈ ಲೆಕ್ಕ ಹೇಗೆ ಮಾಡ್ದೆ, ನನಗೆ ಹೇಳಿಕೊಡು" ಅನ್ನಿ. ತಾಯಿಗೆ ಲೆಕ್ಕ ಬರಬೇಕೆಂದೇನೂ ಇಲ್ಲ.

ಈಗ ಕಾಗದ, ಪೆನ್ನು ತೆಗೆದುಕೊಳ್ಳಿ. ಐದೈದು ಜನರ ಗುಂಪು ಮಾಡಿಕೊಳ್ಳಿ, ಬರೆಯಲು ಬಾರದವರು ಹೇಳಿ ಬರೆಸಿ. ವಿಷಯ ಇದು: ಒಬ್ಬ ಸದಸ್ಯೆ ಈಗಾಗಲೇ ಹೊರಗೆ ಎರಡು ಕಡೆ ಸಾಲ ಮಾಡಿದ್ದಾಳೆ, ಮಗಳ ಕಾಲೇಜು ಫೀಸಿಗೆ ಸಂಘದಿಂದ ಮೂರನೆಯ ಸಾಲ ಕೇಳುತ್ತಿದ್ದಾಳೆ. ಕೊಡಬೇಕೋ ಬೇಡವೋ ಎಂದು ತೀರ್ಪು ಬರೆಯಬೇಡಿ. ಸಂಘದ ಸಭೆಯಲ್ಲಿ ಅವಳಿಗೂ ಅವಮಾನವಾಗದ ಹಾಗೆ, ಎಲ್ಲರೂ ಯೋಚಿಸುವ ಹಾಗೆ, ಕೇಳಬಹುದಾದ ನಾಲ್ಕು ಪ್ರಶ್ನೆ ಬರೆಯಿರಿ. ಬರೆದದ್ದನ್ನು ಪಕ್ಕದ ಗುಂಪಿಗೆ ಓದಿ ಹೇಳಿ. ಅವರು ಬರೀ "ಹೌದು" ಅಥವಾ "ಇಲ್ಲ" ಅಂದು ಸುಮ್ಮನಾದರೆ ಆ ಪ್ರಶ್ನೆಯನ್ನು ಹೊಡೆದು ಹಾಕಿ ಮತ್ತೆ ಬರೆಯಿರಿ. ಅರ್ಧ ಗಂಟೆ ಸಮಯವಿದೆ. ಊಟ ಆದ ಮೇಲೆ ಒಂದೊಂದಾಗಿ ಓದೋಣ.